ಅಮ್ಮನಿಗೆ ಮೆಡಿಕೇರ್ ಒಪ್ಪುವ ಸೋಶಿಯಲ್ ವರ್ಕರ್ ಹುಡುಕುವುದು

ಅಪ್ಪ ಹೋದ ಮೇಲೆ ನ್ಯೂಜೆರ್ಸಿಯಲ್ಲಿ ನಿಮ್ಮ ಜೊತೆ ಇರುವ ಅಮ್ಮ ಮಂಕಾಗಿದ್ದಾರೆ, ಮೆಡಿಕೇರ್ (ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಒಪ್ಪುವ ಕ್ಲಿನಿಕಲ್ ಸೋಶಿಯಲ್ ವರ್ಕರ್ (ಮನಸ್ಸಿನ ನೋವಿಗೆ ಮಾತಿನ ಮೂಲಕ ಚಿಕಿತ್ಸೆ ಕೊಡುವವರು) ಬೇಕು ಅಂತ ಕೇಳಿದ್ದೀರಿ. ಓದಿ ಬೇಜಾರಾಯಿತು. ಖಂಡಿತ ಸಿಗುತ್ತಾರೆ.

ಮೊದಲು ಅವರ ಕಾರ್ಡ್ ನೋಡಿ. ಅಡ್ವಾಂಟೇಜ್ ಪ್ಲಾನ್ (ಖಾಸಗಿ ಕಂಪನಿ ನಡೆಸುವ ಮೆಡಿಕೇರ್) ಆದರೆ ಕಾರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡಿ, ಅವರ ನೆಟ್‌ವರ್ಕ್ ಪಟ್ಟಿ, ಅಂದರೆ ಆ ಪ್ಲಾನಿಗೆ ಸೇರಿದವರ ಪಟ್ಟಿ, ಕೇಳಿ. ಸರ್ಕಾರವೇ ನಡೆಸುವ ಮೂಲ ಮೆಡಿಕೇರ್ ಆದರೆ ಪಾರ್ಟ್ ಬಿ (ಡಾಕ್ಟರ್, ಥೆರಪಿ ಭೇಟಿಗಳ ಖರ್ಚು ನೋಡಿಕೊಳ್ಳುವ ಭಾಗ) ಇರಬೇಕು. ಮೆಡಿಕೇರ್ ವೆಬ್‌ಸೈಟಿನ ಕೇರ್ ಕಂಪೇರ್‌ನಲ್ಲಿ ಜಿಪ್ ಕೋಡ್ ಹಾಕಿ ಹುಡುಕಿ. ವರ್ಷದ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ನಾವೇ ಕಟ್ಟುವ ಮೊತ್ತ) ಮುಗಿದ ಮೇಲೆ ಅಮ್ಮನ ಪಾಲು ಶೇ. 20. ಮೆಡಿಕೇರ್‌ಗೆ ಸೇರಿದ ಸೋಶಿಯಲ್ ವರ್ಕರ್ ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ.

ಪಟ್ಟಿಯಲ್ಲಿ ಹೆಸರಿದೆ ಅಂತ ಸುಮ್ನೆ ನಂಬಬೇಡಿ. ಎಷ್ಟೋ ಜನ ಹೊಸಬರನ್ನು ತೆಗೆದುಕೊಳ್ಳುವುದೇ ಇಲ್ಲ. "ಈಗ ಹೊಸ ಮೆಡಿಕೇರ್ ಪೇಷೆಂಟ್ ನೋಡ್ತೀರಾ?" ಅಂತ ನೇರವಾಗಿ ಕೇಳಿ. 2024ರ ಜನವರಿಯಿಂದ ಮೆಂಟಲ್ ಹೆಲ್ತ್ ಕೌನ್ಸೆಲರ್‌ಗಳೂ ಮೆಡಿಕೇರ್ ಅಡಿಯಲ್ಲಿ ನೋಡಬಹುದು, ಅವರನ್ನೂ ವಿಚಾರಿಸಿ.

ದುಃಖ ಹೇಳಿಕೊಳ್ಳಲು ತನ್ನ ಭಾಷೆಯೇ ಬೇಕು, ಅಲ್ವಾ? ಕನ್ನಡ ಬಲ್ಲವರು ಬೇರೆ ರಾಜ್ಯದಲ್ಲಿ ಸಿಕ್ಕರೆ, ಅಮ್ಮನನ್ನು ವಿಡಿಯೋದಲ್ಲಿ ನೋಡಲು ನ್ಯೂಜೆರ್ಸಿ ಲೈಸೆನ್ಸ್ ಇದೆಯಾ ಅಂತ ಕೇಳಿ. ಇನ್ಶೂರೆನ್ಸ್ ಗೊಂದಲಕ್ಕೆ ಶಿಪ್ (SHIP) ಅನ್ನುವ ಸರ್ಕಾರಿ ಸಲಹಾ ಸೇವೆ ಉಚಿತವಾಗಿದೆ. ಅಮ್ಮ ಬದುಕೇ ಬೇಡ ಅನ್ನುವ ಮಾತಾಡಿದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ತಕ್ಷಣ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಿ.