ಪೆಪ್ಟೈಡ್ (ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳ ಚಿಕ್ಕ ಸರ) ಜೆಲ್ ಬ್ಯಾಕ್ಟೀರಿಯಾವನ್ನು ಕೊಂದು, ನಮ್ಮ ಜೀವಕೋಶಗಳನ್ನು ಮಾತ್ರ ಉಳಿಸುವುದು ಹೇಗೆ?

ಗುಟ್ಟು ಇರುವುದು ವಿದ್ಯುತ್ ಚಾರ್ಜ್‌ನಲ್ಲಿ.

ಮ್ಯಾಕ್ಸ್1 ಎಂಬ ಪೆಪ್ಟೈಡನ್ನೇ ನೋಡಿ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಜೋಯಲ್ ಶ್ನೈಡರ್, ಡ್ಯಾರಿನ್ ಪೋಚನ್ ಅವರ ತಂಡ ರೂಪಿಸಿದ್ದು. ಬರೀ 20 ಅಮೈನೋ ಆಮ್ಲಗಳ ಸರ. ಅದರಲ್ಲಿ ನೀರಿನಿಂದ ದೂರ ಸರಿಯುವ ವ್ಯಾಲೀನ್, ಪಾಸಿಟಿವ್ ಚಾರ್ಜ್‌ನ ಲೈಸೀನ್ ಒಂದು ಬಿಟ್ಟು ಒಂದು ಬರುತ್ತವೆ. ಸಾದಾ ನೀರಿನಲ್ಲಿ ಲೈಸೀನ್‌ಗಳು ಒಂದನ್ನೊಂದು ತಳ್ಳುತ್ತವೆ, ಸರ ಮಡಚಿಕೊಳ್ಳುವುದಿಲ್ಲ. ದೇಹದಷ್ಟೇ ಉಪ್ಪು, ದೇಹದಷ್ಟೇ ಬಿಸಿ ಸಿಕ್ಕರೆ ಆ ತಳ್ಳಾಟ ಸೋಲುತ್ತದೆ. ಸರ ಹೇರ್‌ಪಿನ್ ಹಾಗೆ ಬಾಗುತ್ತದೆ, ಪಕ್ಕದವುಗಳ ಜೊತೆ ಸೇರಿ ಎಳೆಯಾಗುತ್ತದೆ, ಎಳೆಗಳು ಹೆಣೆದುಕೊಂಡು ಜೆಲ್ ಆಗುತ್ತದೆ. ಯಾರೂ ಜೋಡಿಸದೆ ತಾನಾಗಿಯೇ ಆಗುವ ಕೆಲಸವಿದು. ನನಗಂತೂ ಎಷ್ಟು ಸಲ ಓದಿದರೂ ಬೆರಗು.

ಈ ಜೆಲ್‌ನ ಮೈತುಂಬಾ ಲೈಸೀನ್. ಬ್ಯಾಕ್ಟೀರಿಯಾದ ಹೊರಮೈ ನೆಗೆಟಿವ್. ತಾಗಿದರೆ ಸೆಳೆತ ಜಾಸ್ತಿಯಾಗಿ ಅದರ ಪೊರೆ ಹರಿಯುತ್ತದೆ. ನಮ್ಮ ಕೋಶಗಳ ಪೊರೆಯ ಹೊರಪದರ ಹೆಚ್ಚುಕಡಿಮೆ ತಟಸ್ಥ ಅಲ್ವಾ, ಅದಕ್ಕೇ ಅವು ಪಾರಾಗುತ್ತವೆ. ಬ್ಯಾಕ್ಟೀರಿಯಾ ಮತ್ತು ಸಸ್ತನಿ ಕೋಶಗಳನ್ನು ಒಟ್ಟಿಗೇ ಜೆಲ್ ಮೇಲೆ ಬೆಳೆಸಿ ಇದನ್ನು ತೋರಿಸಿದ ವರದಿ 2007ರಲ್ಲಿ ಬಂತು.

ಒಂದು ಮಾತು ನೆನಪಿರಲಿ. ಇದು ತಾಗಿದರೆ ಮಾತ್ರ ಕೊಲ್ಲುತ್ತದೆ. ಇಂಥ ಜೆಲ್ ಅನ್ನು ಗಾಯಕ್ಕೆ ಹಚ್ಚಿದರೂ, ಅಲ್ಲಿಂದ ರಕ್ತಕ್ಕೆ ಇಳಿದ ಸೋಂಕಿಗೆ ಆಂಟಿಬಯಾಟಿಕ್ ಬೇಕೇ ಬೇಕು.