ಬ್ರಾಂಡ್ ಆಮೇಲೆ, ಮೊದಲು ಭುಜ ನೋಡಿ

ಪ್ರಶ್ನೆ: ನಮಸ್ಕಾರ ಸರ್. ಎಂಬಿಎ ಕೊನೆಯ ವರ್ಷ ಓದುತ್ತಿದ್ದೇನೆ. ಊರು ಅರಸೀಕೆರೆ, ಇಲ್ಲಿ ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿದ್ದೇನೆ. ಮುಂದಿನ ತಿಂಗಳು ಕ್ಯಾಂಪಸ್ ಸಂದರ್ಶನ. ಅದಾದ ಮೇಲೆ ಅಕ್ಕನ ರಿಸೆಪ್ಷನ್. ಎರಡಕ್ಕೂ ಒಂದೇ ಸೂಟ್ ಆಗಬೇಕು. ಶರ್ಟು, ಟೈ ಎಲ್ಲ ಸೇರಿ 8,000 ರೂಪಾಯಿ ದಾಟಬಾರದು. ಗೆಳೆಯರು ಕಪ್ಪು ಸೂಟ್ ತಗೋ ಅಂತಾರೆ. ರೆಡಿಮೇಡ್ ತಗೊಳ್ಳಲಾ, ಹೊಲಿಸಲಾ? ಟೈ ಯಾವ ಬಣ್ಣದ್ದು?

ಉತ್ತರ: ಕಪ್ಪು ಬೇಡ. ಕಡು ನೀಲಿ, ಅಂದರೆ ನೇವಿ ಬ್ಲೂ ತಗೊಳ್ಳಿ. ಕಡಿಮೆ ಬೆಲೆಯ ಕಪ್ಪು ಬಟ್ಟೆ ಬೇಗ ಹೊಳಪು ಹೊಡೆಯುತ್ತದೆ. ಅದರ ಮೇಲೆ ಸಣ್ಣ ಧೂಳೂ ಎದ್ದು ಕಾಣುತ್ತದೆ. ಹಗಲು ಹೊತ್ತಿನ ಸಂದರ್ಶನಕ್ಕೆ ಅದು ಗಡುಸು ಬಣ್ಣ. ನೇವಿ ಹಾಗಲ್ಲ. ಬೆಳಿಗ್ಗೆ ಸಂದರ್ಶನಕ್ಕೂ ಸರಿ, ಸಂಜೆ ಛತ್ರದ ದೀಪದಲ್ಲೂ ಚೆಂದ. ನೇವಿ ಸಿಗದಿದ್ದರೆ ಕಡು ಬೂದು. ಮಿರಮಿರ ಮಿಂಚುವ ಬಟ್ಟೆಯನ್ನು ಮಾತ್ರ ಮುಟ್ಟಬೇಡಿ. ರಿಸೆಪ್ಷನ್ ಫೋಟೊದಲ್ಲಿ ಅದರ ಮೇಲೆ ಬೆಳಕು ಬಿದ್ದು ಮುಖವೇ ಮಂಕಾಗುತ್ತದೆ.

ನಿಮ್ಮ ಬಜೆಟ್ಟಿಗೆ ರೆಡಿಮೇಡ್ ಸೂಟೇ ಸರಿ. ಹೊಲಿಸುವುದಾದರೆ ಕೋಟು, ಪ್ಯಾಂಟಿಗೆ ಸುಮಾರು 3 ಮೀಟರ್ ಬಟ್ಟೆ ಬೇಕು. ಮೇಲೆ ಮಜೂರಿ, ಲೈನಿಂಗ್. ಕೋಟು ಹೊಲಿಯುವ ಕೈಯೇ ಬೇರೆ, ಪ್ಯಾಂಟು ಶರ್ಟು ಹೊಲಿಯುವ ಕೈಯೇ ಬೇರೆ. ಅಗ್ಗದ ಮಜೂರಿಗೆ ಒಳ್ಳೆಯ ಕೋಟು ಬರುವುದು ಕಷ್ಟ. ಒಂದು ತಿಂಗಳಲ್ಲಿ ಟ್ರಯಲ್ ಕೊಟ್ಟು, ತಿದ್ದಿಸಿ, ಮುಗಿಸುವುದೂ ಕಷ್ಟ. ಮದುವೆ ಸೀಸನ್ ಇದ್ದರಂತೂ ದರ್ಜಿಗೆ ಉಸಿರಾಡಲೂ ಬಿಡುವಿರುವುದಿಲ್ಲ.

8,000ವನ್ನು ಹೀಗೆ ಹಂಚಿ. ಸೂಟಿಗೆ 5,500. ಆಲ್ಟ್ರೇಷನ್‌ಗೆ 700 ತೆಗೆದಿಡಿ. ಉಳಿದ 1,800ರಲ್ಲಿ ಎರಡು ಶರ್ಟು, ಒಂದು ಟೈ. ಹುಡುಗರು ಪೂರ್ತಿ ದುಡ್ಡನ್ನು ಸೂಟಿಗೇ ಸುರಿದು, ಆಲ್ಟರ್ ಮಾಡಿಸದೆ ಹಾಗೇ ಹಾಕಿಕೊಂಡು ಹೋಗುತ್ತಾರೆ. ನೋಡಿದರೆ ಬೇಜಾರಾಗುತ್ತದೆ. 15,000ದ ಸೂಟು ಮೈಮೇಲೆ ಜೋತುಬಿದ್ದಿದ್ದರೆ ಏನು ಬಂತು? 5,000ದ್ದು ಮೈಗೆ ಕೂತರೆ ನೋಡುವವರು ಬೆಲೆ ಕೇಳುವುದಿಲ್ಲ.

ನಿಮಗೆ ಚಿಕ್ಕಪೇಟೆ ಸುಲಭ. ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನದೇ ಚಿಕ್ಕಪೇಟೆ ನಿಲ್ದಾಣ. ಕಮರ್ಷಿಯಲ್ ಸ್ಟ್ರೀಟ್, ಮಾರತ್‌ಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್‌ಗಳನ್ನೂ ಒಮ್ಮೆ ಸುತ್ತಿ. ಮೊದಲ ದಿನ ಸುಮ್ನೆ ಹಾಕಿ ನೋಡಿ ಬನ್ನಿ, ಕೊಳ್ಳಬೇಡಿ. ಆಷಾಢ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಮದುವೆ ಇಲ್ಲದ ತಿಂಗಳು ಅಂತ ಅಂಗಡಿಯವರು ರಿಯಾಯಿತಿ ಬೋರ್ಡು ಹಾಕುತ್ತಾರೆ.

ಈಗ ಮುಖ್ಯ ಮಾತು, ಭುಜ. ಕೋಟು ಹಾಕಿ ಕೈ ಇಳಿಬಿಟ್ಟು ನಿಲ್ಲಿ. ತೋಳು ಸೇರುವ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವ ಜಾಗದಲ್ಲೇ ಇರಬೇಕು. ಅದಕ್ಕಿಂತ ಹೊರಗೆ ಹೋಗಿ ತೋಳಿನ ಮೇಲೆ ಗುಳಿ ಬಿದ್ದರೆ ಸೈಜ್ ದೊಡ್ಡದು. ಸೊಂಟ ಬಿಗಿ ಮಾಡಬಹುದು, ತೋಳು ಮೋಟು ಮಾಡಬಹುದು, ಪ್ಯಾಂಟಿನ ಉದ್ದ ಸರಿ ಮಾಡಬಹುದು. ಭುಜಕ್ಕೆ ಕೈ ಹಾಕಿದರೆ ಕೋಟನ್ನೇ ಬಿಚ್ಚಿ ಕಟ್ಟಿದಂತೆ. ಅಷ್ಟು ಖರ್ಚಿಗೆ ಇನ್ನೊಂದು ಕೋಟು ನೋಡಬಹುದು. ಹಾಗಾಗಿ ಭುಜ ಸರಿ ಇಲ್ಲದ ಕೋಟನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಬಿಟ್ಟುಬಿಡಿ.

ಆಮೇಲೆ ಕುತ್ತಿಗೆಯ ಹಿಂಭಾಗ. ಕೋಟಿನ ಕಾಲರ್ ಶರ್ಟಿನ ಕಾಲರ್‌ಗೆ ಅಂಟಿಕೊಂಡಿರಬೇಕು, ನಡುವೆ ಸಂದಿ ಬೇಡ. ಜೊತೆಗೆ ಬಂದ ಗೆಳೆಯನಿಗೆ ಹಿಂದಿನಿಂದ ಫೋಟೊ ತೆಗೆಯಲು ಹೇಳಿ. ಮೇಲಿನ ಗುಂಡಿ ಹಾಕಿದಾಗ ಹೊಟ್ಟೆಯ ಹತ್ತಿರ ಬಟ್ಟೆ ಎಳೆದು ಗುಣಿಸು ಗುರುತಿನ ಹಾಗೆ ನೆರಿಗೆ ಬಂದರೆ ಬಿಗಿ. ಕೋಟಿನ ತೋಳಿನಿಂದ ಶರ್ಟು ಅರ್ಧ ಇಂಚು ಇಣುಕಬೇಕು. ಕೆಳಗಿನ ಗುಂಡಿ ಯಾವಾಗಲೂ ಬಿಚ್ಚಿಯೇ ಇರಲಿ. ಕೂರುವಾಗ ಮೇಲಿನದನ್ನೂ ಬಿಚ್ಚಿ.

ಬಟ್ಟೆ ಯಾವುದೆಂದು ಲೇಬಲ್ ಓದಿ. ಈ ಬೆಲೆಗೆ ಪೂರ್ತಿ ಉಣ್ಣೆ ಸಿಗುವುದಿಲ್ಲ, ಪಾಲಿಯೆಸ್ಟರ್ ಜೊತೆ ವಿಸ್ಕೋಸ್, ಅಂದರೆ ಮರದ ತಿರುಳಿನಿಂದ ಮಾಡುವ ನೂಲು, ಬೆರೆಸಿದ ಬಟ್ಟೆ ಸಿಗುತ್ತದೆ. ಅದೇನೂ ಕೆಟ್ಟದ್ದಲ್ಲ. ವಿಸ್ಕೋಸ್ ಇದ್ದರೆ ಬಟ್ಟೆ ಮೆತ್ತಗೆ ಇಳಿಬೀಳುತ್ತದೆ. ನೂರಕ್ಕೆ ನೂರು ಪಾಲಿಯೆಸ್ಟರ್ ಆದರೆ ಬೆವರು ಒಳಗೇ ನಿಲ್ಲುತ್ತದೆ, ಸಂದರ್ಶನದ ದಿನ ಮೊದಲೇ ಬೆವರು ಜಾಸ್ತಿ ಅಲ್ವಾ. ಬಣ್ಣ ನೋಡಲು ಕೋಟನ್ನು ಅಂಗಡಿ ಬಾಗಿಲಿಗೆ ತನ್ನಿ. ಅಮ್ಮ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ. ಟ್ಯೂಬ್‌ಲೈಟಿನಲ್ಲಿ ನೇವಿಯೂ ಕಪ್ಪೂ ಒಂದೇ ತರ ಕಾಣುತ್ತವೆ.

ಕಡಿಮೆ ಬೆಲೆಯ ಕೋಟಿನ ಎದೆಯ ಭಾಗದಲ್ಲಿ ಒಳಪದರವನ್ನು ಅಂಟಿನಿಂದ ಕೂರಿಸಿರುತ್ತಾರೆ. ಅತಿ ಬಿಸಿ ಇಸ್ತ್ರಿ ತಗುಲಿದರೆ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಅಂಥ ಕೋಟು ಹಿಡಿದು ನನ್ನ ಹತ್ತಿರ ಬಂದಿದ್ದ. ಮಾರನೇ ದಿನವೇ ಅವನ ಸಂದರ್ಶನ. ನನ್ನಿಂದ ಏನೂ ಮಾಡಲಾಗಲಿಲ್ಲ. ಅವನ ಮುಖ ಇನ್ನೂ ಕಣ್ಣ ಮುಂದಿದೆ. ಬೀದಿ ಇಸ್ತ್ರಿ ಗಾಡಿಗೆ ಕೋಟು ಕೊಡಬೇಡಿ. ಅಗಲ ಭುಜದ ಹ್ಯಾಂಗರ್‌ಗೆ ಹಾಕಿ, ಬ್ರಷ್‌ನಿಂದ ಧೂಳು ತೆಗೆಯಿರಿ. ನಿಜಕ್ಕೂ ಕೊಳೆಯಾದಾಗ ಮಾತ್ರ ಡ್ರೈಕ್ಲೀನ್.

ಶರ್ಟು: ಒಂದು ಅಚ್ಚ ಬಿಳಿ, ಒಂದು ತಿಳಿ ನೀಲಿ. ಎರಡೂ ಹತ್ತಿಯವು, ಉದ್ದ ತೋಳಿನವು. ಕಾಲರ್ ಗುಂಡಿ ಹಾಕಿದಾಗ ಎರಡು ಬೆರಳು ಒಳಗೆ ಹೋದರೆ ಸರಿ. ಟೈ ಒಂದೇ ಸಾಕು, ಮರೂನ್. ಬಿಳಿಗೂ ತಿಳಿ ನೀಲಿಗೂ ಹೊಂದುತ್ತದೆ. ಟೈ ಯಾವಾಗಲೂ ಶರ್ಟಿಗಿಂತ ಗಾಢವಾಗಿರಲಿ. ಶರ್ಟು ಸಾದಾ ಇದ್ದರೆ ಟೈಯಲ್ಲಿ ಸಣ್ಣ ಚುಕ್ಕಿಯೋ ಗೆರೆಯೋ ಇರಬಹುದು. ಶರ್ಟಿನಲ್ಲೇ ಗೆರೆ ಇದ್ದರೆ ಟೈ ಸಾದಾ ಇರಲಿ. ಅಗಲ ಸುಮಾರು 3 ಇಂಚು. ತುದಿ ಬೆಲ್ಟಿನ ಬಕಲ್ ಮುಟ್ಟಿದರೆ ಸಾಕು. ಗಂಟು ಹಾಕುವುದನ್ನು ಒಂದು ವಾರ ಮೊದಲೇ ಕಲಿಯಿರಿ. ಶರ್ಟಿನ ಬಟ್ಟೆಯಲ್ಲೇ ಮಾಡಿದ ಟೈ ಇರುವ ಡಬ್ಬಿ ಸೆಟ್ ಬೇಡ, ಅದು ಯೂನಿಫಾರ್ಮ್ ತರ ಕಾಣುತ್ತದೆ. ಬೆಲ್ಟು, ಶೂ ಒಂದೇ ಬಣ್ಣದಲ್ಲಿರಲಿ. ನಿಮ್ಮ ಬಳಿ ಕಪ್ಪು ಶೂ ಇದ್ದರೆ ಅದಕ್ಕೇ ಪಾಲಿಶ್ ಹಾಕಿದರೆ ಆಯಿತು.

ಇನ್ನೊಂದು. ಹೊಸ ಕೋಟಿನ ಹಿಂಭಾಗದ ಸೀಳಿನಲ್ಲಿ ಗುಣಿಸು ಗುರುತಿನ ದಾರ ಇರುತ್ತದೆ, ತೋಳಿನ ಮೇಲೆ ಬ್ರಾಂಡಿನ ಚೀಟಿ ಇರುತ್ತದೆ. ಎರಡನ್ನೂ ಬಿಚ್ಚಿ ತೆಗೆಯಿರಿ. ಅವು ಅಂಗಡಿಗೆ ಸೇರಿದವು, ನಿಮಗಲ್ಲ.

ಪ್ರಶ್ನೆ: 1996ರಲ್ಲಿ ನನ್ನ ಮದುವೆಗೆ ಹೊಲಿಸಿದ ಉಣ್ಣೆಯ ಸೂಟ್ ಬೀರುವಿನಲ್ಲಿದೆ. ಈಗ ಮಗಳ ರಿಸೆಪ್ಷನ್. ಹೊಟ್ಟೆ ಬಂದಿದೆ. ಅದನ್ನೇ ಸರಿ ಮಾಡಿಸಬಹುದಾ? ರಾಜಾಜಿನಗರದ ಓದುಗರು.

ಉತ್ತರ: ನಿಮ್ಮ ಆಸೆ ನನಗೆ ತುಂಬಾ ಹಿಡಿಸಿತು. ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನುಸಿ ತಿಂದ ತೂತು ಇದೆಯಾ ನೋಡಿ. ಆಮೇಲೆ ಕೋಟಿನ ಒಳಗಿನ ಹೊಲಿಗೆಯ ಪಕ್ಕ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅಂತ ದರ್ಜಿಗೆ ತೋರಿಸಿ. ಹೊಲಿಸಿದ ಸೂಟಿನಲ್ಲಿ ಸಾಮಾನ್ಯವಾಗಿ ಬಿಟ್ಟಿರುತ್ತಾರೆ. ಒಂದೂವರೆ ಇಂಚಿನವರೆಗೆ ಬಿಡಿಸುವಷ್ಟು ಇದ್ದರೆ ಅದೃಷ್ಟ. ಹಳೆ ಹೊಲಿಗೆಯ ಗೆರೆ ಉಳಿಯುತ್ತದಾ ಅಂತ ಒಂದು ಮೂಲೆಯಲ್ಲಿ ಬಿಚ್ಚಿಸಿ ನೋಡಿ. ಭುಜ ಆಗಿನ ಫ್ಯಾಷನ್ನಿನಂತೆ ಅಗಲ ಇದ್ದರೆ ಹಾಗೇ ಇರಲಿ, ತಂದೆಯ ಮೈಮೇಲೆ ಅದು ಕೆಟ್ಟದಾಗಿ ಕಾಣುವುದಿಲ್ಲ. ಅಷ್ಟು ಬಟ್ಟೆ ಇಲ್ಲದಿದ್ದರೆ ಕೋಟಿನ ಗುಂಡಿ ಹಾಕದೆ ತೊಡಬಹುದಾ ನೋಡಿ, ಪ್ಯಾಂಟನ್ನು ಮಾತ್ರ ಹೊಸದಾಗಿ ಕಡು ಬೂದು ಬಣ್ಣದಲ್ಲಿ ಹೊಲಿಸಿ. ಹೊಸ ಬಿಳಿ ಶರ್ಟು ಹಾಕಿ. ನುಸಿ ಗುಳಿಗೆಯ ವಾಸನೆ ಹೋಗಲು ಮೂರು ದಿನ ನೆರಳಿನಲ್ಲಿ ಗಾಳಿಗೆ ತೂಗುಹಾಕಿ, ಬಿಸಿಲಿಗೆ ಹಾಕಬೇಡಿ.