ಆಸ್ಪತ್ರೆ ಬಿಟ್ಟ ಮೇಲೆ ನೋಡಿಕೊಳ್ಳುವವರು ಯಾರು?

ಪ್ರಶ್ನೆ: ಮಗಳು ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದಾಳೆ. ಇಂಗ್ಲೆಂಡಿಗೆ ಹೋಗಿ ‘ಹೆಲ್ತ್ ಅಂಡ್ ಸೋಷಿಯಲ್ ಕೇರ್’ ಎಂ.ಎಸ್ಸಿ. ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಆಸ್ಪತ್ರೆ ಅಂದ ಮೇಲೆ ಡಾಕ್ಟರು, ನರ್ಸು ಇದ್ದರೆ ಸಾಕಲ್ವಾ ಮೇಡಂ? ಇದರಲ್ಲಿ ಸಂಶೋಧನೆ ಮಾಡಲು ಏನಿದೆ? ವಾಪಸ್ ಬಂದರೆ ಇಲ್ಲಿ ಉಪಯೋಗವಾಗುತ್ತಾ?
– ಒಬ್ಬ ತಾಯಿ, ಹಾಸನ

ಉತ್ತರ: ಸಾಲುವುದಿಲ್ಲ ತಾಯಿ. ಇಂಗ್ಲೆಂಡಿನಲ್ಲೇ ಒಬ್ಬ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಎಂದಿಟ್ಟುಕೊಳ್ಳಿ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 1948ರಲ್ಲಿ ಶುರುವಾದದ್ದು. ಆಪರೇಷನ್ ಆಯಿತು, ಬಿಲ್ಲಿಲ್ಲ. ಆದರೆ ಮನೆಗೆ ಹೋದ ಮೇಲೆ ಸ್ನಾನ ಮಾಡಿಸಲು, ಬಟ್ಟೆ ಹಾಕಲು ಒಬ್ಬರು ಬೇಕು. ಅದು ಸ್ಥಳೀಯ ಕೌನ್ಸಿಲ್ ಕೆಲಸ. ಮೊದಲ ಕೆಲವು ವಾರ ನೆರವು ಉಚಿತವಾಗಿ ಸಿಗಬಹುದು. ಆಮೇಲೆ ಉಳಿತಾಯ ನೋಡುತ್ತಾರೆ. 23,250 ಪೌಂಡ್ ದಾಟಿದ್ದರೆ ಖರ್ಚೆಲ್ಲ ಸಾಮಾನ್ಯವಾಗಿ ಅಜ್ಜಿಯದೇ. ಎರಡು ಕಚೇರಿಗಳ ನಡುವೆ ಕಾಗದ ಓಡಾಡುವಷ್ಟು ದಿನ ಗುಣವಾದ ಅಜ್ಜಿ ವಾರ್ಡಿನಲ್ಲೇ ಮಲಗಿರುತ್ತಾರೆ, ಎಮರ್ಜೆನ್ಸಿಗೆ ಬಂದವರಿಗೆ ಹಾಸಿಗೆ ಇರುವುದಿಲ್ಲ.

ಆಸ್ಪತ್ರೆಯ ಚಿಕಿತ್ಸೆ (ಹೆಲ್ತ್), ಮನೆಯಲ್ಲಿನ ಆರೈಕೆ (ಸೋಷಿಯಲ್ ಕೇರ್) ಎರಡನ್ನೂ ಜೋಡಿಸುವುದು ಹೇಗೆ? ನಿಮ್ಮ ಮಗಳು ಓದಲು ಹೊರಟಿರುವುದು ಇದನ್ನೇ. ಉತ್ತರ ಐರ್ಲೆಂಡ್ 1973ರಲ್ಲೇ ಎರಡನ್ನೂ ಒಂದೇ ಆಡಳಿತಕ್ಕೆ ತಂದಿತು. ಇಂಗ್ಲೆಂಡ್ 2022ರಲ್ಲಿ ಕಾನೂನು ಮಾಡಿ 42 ವಲಯಗಳಲ್ಲಿ ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿತು. ಸುಮ್ನೆ ಬೋರ್ಡು ಬದಲಾಯಿಸಿದರೆ ಕೆಲಸ ಆಗುತ್ತದೆ ಎಂಬ ನಂಬಿಕೆ ನನಗಿಲ್ಲ.

ಪಾಠ ಮಾಡುವಾಗ ನಾನು ಹೇಳುತ್ತಿದ್ದದ್ದು ಟಾರ್ಬೆಯ ಕಥೆ. ಡೆವನ್ ಕರಾವಳಿಯ ಊರು, ವಯಸ್ಸಾದವರು ಜಾಸ್ತಿ. 2005ರಲ್ಲಿ ಅಲ್ಲಿ ಎರಡೂ ಸೇವೆಗಳನ್ನು ಒಂದು ಸಂಸ್ಥೆಗೆ ಒಪ್ಪಿಸಿದರು, ಹಣವನ್ನೂ ಒಟ್ಟು ಮಾಡಿದರು. ಆಮೇಲೆ ‘ಮಿಸೆಸ್ ಸ್ಮಿತ್’ ಎಂಬ ಎಂಬತ್ತು ದಾಟಿದ ಅಜ್ಜಿಯನ್ನು ಕಲ್ಪಿಸಿಕೊಂಡು, ಏನೇ ಬದಲಾವಣೆ ತಂದರೂ ಆಕೆಗೆ ಇದರಿಂದ ಏನು ಲಾಭ ಎಂದು ಕೇಳಿಕೊಂಡರು. ನನಗೆ ಹಿಡಿಸಿದ್ದು ಅವರು ನೇಮಿಸಿದ ಕೋಆರ್ಡಿನೇಟರುಗಳು. ಅವರು ನರ್ಸೂ ಅಲ್ಲ, ಸೋಷಿಯಲ್ ವರ್ಕರೂ ಅಲ್ಲ. ಒಂದು ಫೋನ್ ಮಾಡಿದರೆ ನರ್ಸು, ಫಿಸಿಯೋಥೆರಪಿ, ಮನೆಗೆಲಸದ ನೆರವು ಎಲ್ಲವನ್ನೂ ಅವರೇ ಹೊಂದಿಸುತ್ತಿದ್ದರು. ಆಸ್ಪತ್ರೆ ಹಾಸಿಗೆಗಳ ಬಳಕೆ ಇಳಿದದ್ದು ಅಧ್ಯಯನಗಳಲ್ಲಿ ದಾಖಲಾಗಿದೆ.

ಇದನ್ನು ಕಲಿಸಲು ಬೇರೆ ಬೇರೆ ಕೋರ್ಸಿನವರನ್ನು ಒಂದೇ ಕೋಣೆಯಲ್ಲಿ ಕೂರಿಸಬೇಕು. ನಾನು ಒಂದೇ ರೋಗಿಯ ಕೇಸ್ ಶೀಟ್ ಎಲ್ಲರಿಗೂ ಕೊಡುತ್ತಿದ್ದೆ. ನರ್ಸಿಂಗ್ ಹುಡುಗಿ ‘ಬಿ.ಪಿ. ಸರಿಯಿದೆ, ಡಿಸ್ಚಾರ್ಜ್ ಮಾಡಬಹುದು’ ಎನ್ನುತ್ತಿದ್ದಳು. ಎಂ.ಎಸ್.ಡಬ್ಲ್ಯು. ಹುಡುಗ ‘ಪಾಯಿಖಾನೆ ಹಿತ್ತಲಲ್ಲಿದೆ, ಮೂರು ಮೆಟ್ಟಿಲು ಇಳಿಸುವವರು ಯಾರು?’ ಎಂದು ಕೇಳುತ್ತಿದ್ದ. ಆ ಜಗಳದಲ್ಲಿ ಅವರು ಕಲಿತದ್ದು ನನ್ನ ಲೆಕ್ಚರಿನಲ್ಲಿ ಕಲಿತದ್ದಕ್ಕಿಂತ ಜಾಸ್ತಿ.

ಇಲ್ಲಿ ಉಪಯೋಗವೇ? ಪಾರ್ಶ್ವವಾಯು ಹೊಡೆದವರ ಮನೆಯಲ್ಲಿ ಕೇಳಿ ನೋಡಿ. ಚಿಕಿತ್ಸೆ ಆಸ್ಪತ್ರೆಯಲ್ಲಿ, ಅಂಗವಿಕಲರ ಯುಡಿಐಡಿ ಕಾರ್ಡಿಗೆ ಇನ್ನೊಂದು ಸಾಲು, ಪಿಂಚಣಿಗೆ ತಹಶೀಲ್ದಾರ್ ಕಚೇರಿ, ನೆರವಿಗೆಂದು ಪಂಚಾಯ್ತಿಯಲ್ಲಿ ಒಬ್ಬ ಪುನರ್ವಸತಿ ಕಾರ್ಯಕರ್ತ. ಇವರೆಲ್ಲ ಒಟ್ಟಿಗೆ ಕೂತು ಮಾತಾಡುವುದು ಅಪರೂಪ. ನಡುವೆ ಓಡಾಡುವುದು ಮನೆಯ ಸೊಸೆ, ಸಂಬಳವಿಲ್ಲದೆ.

ದುಡ್ಡು ಕಟ್ಟುವ ಮುಂಚೆ ಒಂದು ವಿಷಯ. ಇಂಗ್ಲೆಂಡಿನಲ್ಲಿ ‘ಸೋಷಿಯಲ್ ವರ್ಕರ್’ ಎಂದು ಕರೆದುಕೊಳ್ಳಲು ಸೋಷಿಯಲ್ ವರ್ಕ್ ಇಂಗ್ಲೆಂಡ್ ಸಂಸ್ಥೆಯಲ್ಲಿ ನೋಂದಣಿ ಬೇಕು. ‘ಹೆಲ್ತ್ ಅಂಡ್ ಸೋಷಿಯಲ್ ಕೇರ್’ ಎಂಬ ಹೆಸರಿನ ಎಂ.ಎಸ್ಸಿ. ಮಾಡಿದ ಮಾತ್ರಕ್ಕೆ ಆ ನೋಂದಣಿ ಸಿಗುವುದಿಲ್ಲ. ಅವಳ ಎಂ.ಎಸ್.ಡಬ್ಲ್ಯು. ಇಟ್ಟುಕೊಂಡೇ ನೋಂದಣಿಗೆ ಅರ್ಜಿ ಹಾಕಬಹುದಾ ಎಂದು ನೇರವಾಗಿ ಆ ಸಂಸ್ಥೆಯವರನ್ನೇ ವಿಚಾರಿಸಲಿ. ಏಜೆಂಟರು ಕೇರ್ ವರ್ಕರ್ ವೀಸಾ ಆಸೆ ತೋರಿಸಿದರೆ ನಂಬಬೇಡಿ. ಹೊರದೇಶಗಳಿಂದ ಆ ನೇಮಕ 2025ರ ಜುಲೈನಲ್ಲೇ ನಿಂತಿದೆ.

ಪ್ರಶ್ನೆ: ಎಂ.ಎಸ್.ಡಬ್ಲ್ಯು. ಕೊನೆಯ ವರ್ಷ. ಇದೇ ವಿಷಯದಲ್ಲಿ ಪ್ರಾಜೆಕ್ಟ್ ಮಾಡಬೇಕು. ಹೊರದೇಶದ ಉದಾಹರಣೆಗಳೇ ಸಿಗುತ್ತಿವೆ.
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಬಳ್ಳಾರಿಯಲ್ಲಿ ಕೂತು ಈ ಪ್ರಶ್ನೆಯಾ? 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಿಮ್ಮ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಮಾನಸಿಕ ಕಾಯಿಲೆ ಗುರುತಿಸಿ ಔಷಧಿ ಕೊಡುವುದನ್ನು ಕಲಿಸಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಅದೇ. ಅಲ್ಲಿಂದ ಶುರು ಮಾಡಿ. ಔಷಧಿ ಪಡೆಯುತ್ತಿರುವ ಹತ್ತು ಕುಟುಂಬ ಸಾಕು. ಪಿಂಚಣಿಗೆ ಎಷ್ಟು ಕಚೇರಿ ಹತ್ತಿದರು, ಜೊತೆಗೆ ಯಾರು ಬಂದರು, ಎಷ್ಟು ದಿನದ ಕೂಲಿ ಹೋಯಿತು ಎಂದು ಬರೆದುಕೊಳ್ಳಿ. ಪ್ರಶ್ನಾವಳಿ ಹಿಡಿದುಕೊಂಡು ಹೋಗಬೇಡಿ, ಒಂದು ದಿನ ಅವರ ಜೊತೆ ಸಾಲಿನಲ್ಲಿ ನಿಲ್ಲಿ. ಎಥಿಕ್ಸ್ ಕಮಿಟಿ ಒಪ್ಪಿಗೆಗೆ ಮಾತ್ರ ಈ ವಾರವೇ ಅರ್ಜಿ ಹಾಕಿ, ಅದು ಬೇಗ ಬರುವುದಿಲ್ಲ.